ಸಾಲ ಬೇಡ, ಗಿರಾಕಿಯನ್ನು ಕೊಡಿ

ಆಹಾರದ ವಿಷಯದಲ್ಲಿ ಸರ್ಕಾರದವರು ಏನೂ ಮಾಡುತ್ತಿಲ್ಲವೆಂದು ನಾವು ಬರೆದರೆ ಅದು ಸುಳ್ಳಾದೀತು. ರೈತನಿಗೆಂದು ಒಂದು ಕಡತ, ತಿಂಡಿ ಮಾಡಿ ಮಾರುವವನಿಗೆಂದು ಇನ್ನೊಂದು ಕಡತ, ಹಸಿದ ಕೂಲಿಕಾರನಿಗೆಂದು ಮತ್ತೊಂದು ಕಡತ ವಿಧಾನಸೌಧದಲ್ಲಿ ಇದ್ದೇ ಇವೆ. ಮೂರಕ್ಕೂ ಬೇರೆ ಬೇರೆ ಇಲಾಖೆ, ಬೇರೆ ಬೇರೆ ಮಂತ್ರಿಗಳು, ಬೇರೆ ಬೇರೆ ಜಾಹೀರಾತು. ಆದರೆ ಹೆಬ್ಬಗೋಡಿಯಲ್ಲಿ ಈ ಮೂವರೂ ಒಂದೇ ಮೈಲಿಯ ಒಳಗೆ ಬದುಕುತ್ತಿದ್ದಾರೆ; ಹಾಗಿದ್ದೂ ಒಬ್ಬರಿಗೊಬ್ಬರು ಸಿಕ್ಕುತ್ತಿಲ್ಲ. ಏಕೆ ಸಿಕ್ಕುತ್ತಿಲ್ಲವೆಂಬುದೇ ಈ ವಾರದ ನಮ್ಮ ಮಾತು.

ಸಂಜೆ ಪಾಳಿ ಬಿಡುವ ಹೊತ್ತಿಗೆ ಬೊಮ್ಮಸಂದ್ರದಿಂದ ಹೆಬ್ಬಗೋಡಿಯವರೆಗೆ ಹೊಸೂರು ರಸ್ತೆಯ ಬದಿಯಲ್ಲಿ ನಡೆದು ನೋಡಿರಿ. ಮೇಲೆ, 2025ರ ಆಗಸ್ಟ್ 10ರಂದು ಪ್ರಧಾನಮಂತ್ರಿಗಳು ಉದ್ಘಾಟಿಸಿದ ಹಳದಿ ಮಾರ್ಗದ ಮೆಟ್ರೋ ರೈಲು. ಕೆಳಗೆ, ಬೋಂಡ, ಚಿತ್ರಾನ್ನ, ಎಗ್ ರೈಸುಗಳ ತಳ್ಳುಗಾಡಿಗಳು. ಗಾರ್ಮೆಂಟ್ಸಿನಿಂದ ಹೊರಬಿದ್ದ ಹೆಣ್ಣುಮಕ್ಕಳು ಮನೆಯಲ್ಲಿ ಒಲೆ ಹಚ್ಚುವ ಮೊದಲು ಎರಡು ಬೋಂಡ ಬಾಯಿಗೆ ಹಾಕಿಕೊಳ್ಳುತ್ತಾರೆ. ಒಡಿಶಾ, ಬಿಹಾರ, ಅಸ್ಸಾಮುಗಳಿಂದ ಬಂದ ಹುಡುಗರಿಗೆ ಆ ಗಾಡಿಯೇ ಅಡಿಗೆಮನೆ. ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಕಾಂಪೌಂಡು ಕಟ್ಟಿದ ಹೊಲಗಳು; ಅವುಗಳ ನಡುವೆ ಇನ್ನೂ ಪಟ್ಟು ಬಿಡದೆ ರಾಗಿ, ಅವರೆ ಬಿತ್ತುವ ಒಬ್ಬಿಬ್ಬರು ಹಿರಿಯರು. ಆ ಹಿರಿಯರ ರಾಗಿ ಈ ಗಾಡಿಗೆ ಬರುವುದಿಲ್ಲ. ಈ ಗಾಡಿಯ ಇಡ್ಲಿ ಕಾರ್ಖಾನೆಯ ಬಾಗಿಲು ದಾಟಿ ಒಳಗೆ ಹೋಗುವುದಿಲ್ಲ. ಒಳಗಿನ ಊಟವನ್ನು ಎಲ್ಲಿಯೋ ದೂರದ ಅಡಿಗೆಮನೆಯಿಂದ ಗುತ್ತಿಗೆದಾರನ ವ್ಯಾನು ತಂದು ಇಳಿಸುತ್ತದೆ.

ಸರ್ಕಾರ ಕೊಡುತ್ತಿರುವ ನೆರವನ್ನು ಮೊದಲು ಲೆಕ್ಕ ಹಾಕೋಣ. ಸಣ್ಣ ಆಹಾರ ಉದ್ಯಮಗಳಿಗಾಗಿ ಕೇಂದ್ರವು 2020ರಲ್ಲಿ ಪಿಎಂಎಫ್‌ಎಂಇ ಎಂಬ ಯೋಜನೆಯನ್ನು 10,000 ಕೋಟಿ ರೂಪಾಯಿಗಳ ಅಂದಾಜಿನಲ್ಲಿ ಹೊರಡಿಸಿತು. ಹಿಟ್ಟಿನ ಗಿರಣಿ, ಹಪ್ಪಳ, ಉಪ್ಪಿನಕಾಯಿ, ಬೇಕರಿ ಇಡುವವರಿಗೆ ಬ್ಯಾಂಕ್ ಸಾಲದ ಜೊತೆಗೆ ಶೇಕಡ 35 ಸಹಾಯಧನ, 10 ಲಕ್ಷ ಮೀರದಂತೆ. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಶೇಕಡ 15 ಸೇರಿಸಿ ಅದನ್ನು ಅರ್ಧಕ್ಕೆ ಏರಿಸಿತು. ಕಾಗದದ ಮೇಲೆ ಇದು ಒಳ್ಳೆಯ ಯೋಜನೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಸಹಾಯಧನ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ಕುಳಿತಿರುತ್ತದೆ. ಮೂರು ವರ್ಷ ಸಾಲದ ಕಂತು ತಪ್ಪದೆ, ಅಂಗಡಿ ಮುಚ್ಚದೆ ಉಳಿದರೆ ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಮೂರು ವರ್ಷ ಅಂಗಡಿ ನಡೆಯಬೇಕಾದರೆ ಏನು ಬೇಕು? ಮಾಡಿದ ಸರಕನ್ನು ದಿನಾ ಕೊಳ್ಳುವವನು ಬೇಕು. ಆ ಕೊಳ್ಳುವವನನ್ನು ಯೋಜನೆ ಹುಡುಕಿ ಕೊಡುವುದಿಲ್ಲ. ಹೀಗಾಗಿ ಮೊದಲೇ ಗಿರಾಕಿಯೂ ಬಂಡವಾಳವೂ ಇದ್ದವನಿಗೆ ಅರ್ಧ ಹಣ ದೊರೆಯುತ್ತದೆ; ಎರಡೂ ಇಲ್ಲದವನು ಬ್ಯಾಂಕಿನ ಬೆಂಚಿನ ಮೇಲೆ ಕುಳಿತಿರುತ್ತಾನೆ.

ತಳ್ಳುಗಾಡಿಯವರಿಗೆ ಅದೇ ವರ್ಷ ಬಂದದ್ದು ಸ್ವನಿಧಿ. ಮೊದಲು 10,000 ರೂಪಾಯಿ ಸಾಲ, ಅದು ತೀರಿದರೆ 20,000, ಆಮೇಲೆ 50,000. 2025ರ ಆಗಸ್ಟಿನಲ್ಲಿ ಮೊದಲ ಕಂತನ್ನು 15,000ಕ್ಕೂ ಎರಡನೆಯದನ್ನು 25,000ಕ್ಕೂ ಏರಿಸಿ, ಯೋಜನೆಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿದರು. ಮೀಟರ್ ಬಡ್ಡಿಯವನ ಬಾಯಿಗೆ ಬೀಳುವುದಕ್ಕಿಂತ ಇದು ಎಷ್ಟೋ ಪಾಲು ಮೇಲು. ಆದರೆ ಕಾರ್ಖಾನೆಯ ಬಾಗಿಲ ಬಳಿ ಇಡ್ಲಿ ಮಾರುವ ಒಬ್ಬ ತಾಯಿ ನಮಗೆ ಹೇಳಿದ್ದನ್ನು ಕೇಳಿರಿ: “ಸಾಲ ತಗೊಂಡೆ ಮೇಷ್ಟ್ರೇ, ತೀರಿಸ್ದೆ, ಇನ್ನೊಂದು ಕೊಟ್ರು. ಗಾಡಿ ನಿಲ್ಸೋಕೆ ಒಂದು ಜಾಗ ಕೊಡಿ ಅಂದ್ರೆ ಮಾತ್ರ ಯಾರೂ ಮಾತಾಡಲ್ಲ.”

ಜಾಗ ಕೊಡಬೇಕೆಂಬ ಕಾನೂನು ಇಲ್ಲವೆ? ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಊರಿನಲ್ಲಿ ಮಾರಾಟ ಸಮಿತಿ ಇರಬೇಕು. ಅದರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿ ಕಳಿಸಿದವರಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆಯಾಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಕೂಡದು. ನಮ್ಮ ನಗರಸಭೆಯ ಸಮಿತಿ ಕೊನೆಯ ಸಾರಿ ಸೇರಿದ್ದು ಯಾವಾಗ, ಪಾಳಿ ಬಿಡುವ ಬಾಗಿಲುಗಳ ಬಳಿ ಎಷ್ಟು ಗಾಡಿಗಳಿಗೆ ಜಾಗ ಗುರುತಿಸಲಾಗಿದೆ ಎಂಬುದನ್ನು ಹೆಬ್ಬಗೋಡಿಯ ವ್ಯಾಪಾರಿ ಬಂಧುಗಳು ಬರಹದಲ್ಲಿ ಕೇಳಿ ಪಡೆಯಬೇಕು. ಕೇಳುವುದಕ್ಕೆ ಹತ್ತು ರೂಪಾಯಿಯ ಅರ್ಜಿ ಸಾಕು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿ ಅಂಗಡಿಯವರಿಗೆಲ್ಲ ನೋಟೀಸು ಕಳಿಸಿತು. ಯುಪಿಐ ಮೂಲಕ ಬಂದ ಹಣವನ್ನು 2021-22ರಿಂದ ಕೂಡಿಸಿ, 40 ಲಕ್ಷ ದಾಟಿದೆ, ಜಿಎಸ್‌ಟಿ ಕಟ್ಟಿ ಎಂದಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿಯ ನೋಟೀಸು ಬಂದದ್ದನ್ನು ಎಲ್ಲರೂ ಓದಿದ್ದೀರಿ. ತರಕಾರಿಗೆ ತೆರಿಗೆಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ “ಯುಪಿಐ ಇಲ್ಲ, ನಗದು ಮಾತ್ರ” ಎಂಬ ಚೀಟಿಗಳು ಅಂಟಿಕೊಂಡವು. ವರ್ತಕರು ಬಂದ್ ಕರೆ ಕೊಟ್ಟ ಮೇಲೆ ಜುಲೈ 23ರಂದು ಮುಖ್ಯಮಂತ್ರಿಗಳು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದರು, ಸಂತೋಷ. ನಮ್ಮ ಪ್ರಶ್ನೆ ಇಷ್ಟೆ: ತೆರಿಗೆ ಕೇಳಲು ಬೀದಿ ಬೀದಿಯ ಗಾಡಿಯ ಮೇಲಿನ ಚೌಕಾಕಾರದ ಚೀಟಿಯನ್ನೂ ಹುಡುಕಿ ತೆಗೆಯಬಲ್ಲ ಸರ್ಕಾರಕ್ಕೆ, ಮಾರಾಟದ ಪ್ರಮಾಣಪತ್ರ ಕೊಡುವಾಗ ಅದೇ ಗಾಡಿ ಕಣ್ಣಿಗೆ ಬೀಳುವುದಿಲ್ಲವೇಕೆ?

ಇನ್ನು ಹೊಲದ ಕಡೆಗೆ ಬರೋಣ. ಆನೇಕಲ್ ತಾಲ್ಲೂಕಿನ ಭೂಮಿ ಯಾರ ಕೈ ಸೇರಿತೆಂಬುದು ನಮ್ಮ ಓದುಗರಿಗೆ ಹೊಸದಲ್ಲ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಆರಂಭಿಸಿತು. ಆಮೇಲೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ. ಉದ್ಯೋಗ ಬಂತು, ಅದನ್ನು ಬೇಡವೆನ್ನುವವರು ನಾವಲ್ಲ. ಆದರೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಉಳುವವನಲ್ಲದವನೂ ಹೊಲ ಕೊಳ್ಳಬಹುದೆಂದು ಮಾಡಿದ ಮೇಲೆ ಉಳಿದ ಹೊಲಕ್ಕೂ ಬೇಲಿ ಬಿತ್ತು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕುಳಿತು, 2025ರ ಜುಲೈ 15ರಂದು 1,777 ಎಕರೆಯ ಸ್ವಾಧೀನವನ್ನು ಕೈಬಿಡಿಸಿದರು. ಅವರಿಗೆ ನಮ್ಮ ನಮಸ್ಕಾರ. ಆದರೆ ಉಳಿಸಿಕೊಂಡ ಹೊಲದಲ್ಲಿ ಬೆಳೆದದ್ದನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಧರಣಿಯೊಂದರಿಂದಲೇ ಉತ್ತರ ದೊರೆಯುವುದಿಲ್ಲ.

ರಾಗಿಗೆ ಬೆಂಬಲ ಬೆಲೆ ಇದೆಯಲ್ಲ ಎನ್ನುತ್ತಾರೆ. ಇದೆ. 2021-22ರಲ್ಲಿ ಕ್ವಿಂಟಲಿಗೆ 3,377 ರೂಪಾಯಿ ಇದ್ದದ್ದು 2025-26ಕ್ಕೆ 4,886 ಆಯಿತು. ಸಣ್ಣ ಏರಿಕೆಯಲ್ಲ. ಆದರೆ ಆ ಬೆಲೆ ರೈತನ ಕೈಗೆ ತಲುಪುವ ದಾರಿ ನೋಡಿರಿ. ಕೊಯ್ದು ಕಣ ಮಾಡಿದ ದಿನ ಮನೆಯಲ್ಲಿ ಕಾಸಿರುವುದಿಲ್ಲ. ಖರೀದಿ ಕೇಂದ್ರ ಸಾಮಾನ್ಯವಾಗಿ ಬಾಗಿಲು ತೆರೆಯುವುದು ಜನವರಿಗೆ. ಕೂಲಿ ಕೊಡಬೇಕು, ಯಂತ್ರದ ಬಾಡಿಗೆ ಕೊಡಬೇಕು, ಮಗಳ ಬಾಣಂತನವಿರುತ್ತದೆ. ಮಂಡಿಯವನು ಕಣಕ್ಕೇ ಬರುತ್ತಾನೆ. ಇನ್ನು ಕೇಂದ್ರದಲ್ಲಿ ಮಾರಬೇಕಾದರೆ ಫ್ರೂಟ್ಸ್ ಸಂಖ್ಯೆ ಬೇಕು, ಅದಕ್ಕೆ ಪಹಣಿ ಬೇಕು. ಬೆಂಗಳೂರಿನ ಸಾಹುಕಾರ ಕೊಂಡ ಹೊಲವನ್ನು ಬಾಯಿಮಾತಿನ ಮೇಲೆ ಉಳುತ್ತಿರುವವನಿಗೆ ಪಹಣಿ ಎಲ್ಲಿಂದ ಬರಬೇಕು? 1974ರಲ್ಲಿ ದೇವರಾಜ ಅರಸರು ಉಳುವವನಿಗೆ ಭೂಮಿ ಎಂಬ ಕಾನೂನನ್ನು ಬಿಗಿಗೊಳಿಸಿದ ನಾಡಿನಲ್ಲಿ ಗೇಣಿದಾರ ಮತ್ತೆ ಹುಟ್ಟಿದ್ದಾನೆ. ಈ ಸಾರಿ ಅವನ ಹೆಸರು ಯಾವ ಕಾಗದದಲ್ಲೂ ಇಲ್ಲ.

ಇದೇ ತಾಲ್ಲೂಕಿನಲ್ಲಿ ಹಸು ಮಾತ್ರ ಉಳಿದಿದೆ. ರಾಗಿ ಹೊಲ ಮಾರಿದವನೂ ಎರಡು ಹಸು ಕಟ್ಟಿಕೊಂಡಿದ್ದಾನೆ. ಕಾರಣ ಬಹಳ ಸುಲಭ. ಬೆಳಿಗ್ಗೆಯೂ ಸಂಜೆಯೂ ಹಾಲಿನ ಡೈರಿಯವರು ಊರಲ್ಲೇ ಕ್ಯಾನು ಇಟ್ಟುಕೊಂಡು ಕುಳಿತಿರುತ್ತಾರೆ. ಎಷ್ಟು ತಂದರೂ ಅಳೆದು ಹಾಕಿಸಿಕೊಳ್ಳುತ್ತಾರೆ, ಬೆಲೆ ಮೊದಲೇ ಗೊತ್ತು, ಹಣ ಖಾತೆಗೆ ಬರುತ್ತದೆ. ಅದರ ಮೇಲೆ ರಾಜ್ಯ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. 2025ರ ಏಪ್ರಿಲ್ 1ರಂದು ನಂದಿನಿ ಹಾಲಿಗೆ 4 ರೂಪಾಯಿ ಏರಿಸಿದಾಗ ನಾವು ಕೂಲಿಕಾರರ ಪರವಾಗಿ ಗೊಣಗಿದ್ದು ನಿಜ; ಗೊಣಗಿದರೂ, ಆ ವ್ಯವಸ್ಥೆಯನ್ನು ಒಡೆಯಬೇಕೆಂದು ಯಾರೂ ಹೇಳಲಾರರು. ರೈತನನ್ನು ಉಳಿಸಿದ್ದು ಸಾಲದ ಮೇಳವಲ್ಲ. ದಿನಾ ಎರಡು ಹೊತ್ತು ತಪ್ಪದೆ ಕೊಳ್ಳುವ ಒಬ್ಬ ಗಿರಾಕಿ ಅವನನ್ನು ಉಳಿಸಿದ.

ಹಾಗಾದರೆ ರಾಗಿಗೂ ಅವರೆಗೂ ಸೊಪ್ಪಿಗೂ ಹೆಬ್ಬಗೋಡಿಯಲ್ಲಿ ಅಂಥ ಗಿರಾಕಿ ಇಲ್ಲವೆ? ಕಾರ್ಖಾನೆಗಳ ಕ್ಯಾಂಟೀನುಗಳಿವೆ!

ಕ್ಯಾಂಟೀನು ಎಂಬುದು ಧಣಿಗಳು ದಯೆಯಿಂದ ಹಾಕುವ ಊಟವಲ್ಲ. 1948ರ ಕಾರ್ಖಾನೆ ಕಾಯ್ದೆಯ 46ನೆಯ ಕಲಮು 250ಕ್ಕೆ ಮೇಲ್ಪಟ್ಟು ಕೆಲಸಗಾರರಿರುವಲ್ಲಿ ಕ್ಯಾಂಟೀನು ಇರಬೇಕೆಂದಿತು. ಅದನ್ನು ನಡೆಸುವ ಸಮಿತಿಯಲ್ಲಿ ಕೆಲಸಗಾರರ ಪ್ರತಿನಿಧಿಗಳಿರಬೇಕೆಂಬ ಮಾತೂ ಅಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಆ ಸಂಖ್ಯೆಯನ್ನು, ಗುತ್ತಿಗೆ ಕೆಲಸಗಾರರನ್ನೂ ಸೇರಿಸಿ, 100ಕ್ಕೆ ಇಳಿಸಿದೆ. (ಈ ಸಂಹಿತೆಗಳ ಮೇಲೆ ನಮ್ಮ ಪಕ್ಷದ ತಕರಾರು ದೊಡ್ಡದಿದೆ, ಅದನ್ನು ನಾವು ಬಿಟ್ಟಿಲ್ಲ. ಆದರೆ ವೈರಿಯ ಮನೆಯಲ್ಲಿ ನಮ್ಮ ಪಾತ್ರೆ ಸಿಕ್ಕರೆ ಎತ್ತಿಕೊಂಡು ಬರುವುದರಲ್ಲಿ ತಪ್ಪಿಲ್ಲ.) ಹೊಸೂರು ರಸ್ತೆಯುದ್ದಕ್ಕೂ 100 ಜನರಿಗೆ ಮೇಲ್ಪಟ್ಟ ಕಾರ್ಖಾನೆಗಳು ಎಷ್ಟಿವೆಯೆಂದು ಓದುಗರೇ ಬೆರಳು ಮಡಿಚಿ ನೋಡಲಿ.

ಲೆಕ್ಕ ಮಾಡುವ ಹಳೆಯ ಚಾಳಿ ನಮ್ಮನ್ನು ಬಿಟ್ಟಿಲ್ಲ. 1,000 ಕೆಲಸಗಾರರಿರುವ ಒಂದು ಕಾರ್ಖಾನೆಯನ್ನು ತೆಗೆದುಕೊಳ್ಳೋಣ. ಒಡಿಶಾದ ಹುಡುಗ ಮುದ್ದೆ ಮುಟ್ಟುವುದಿಲ್ಲ, ರಾಯಚೂರಿನವನಿಗೆ ಜೋಳದ ರೊಟ್ಟಿಯೇ ಆಗಬೇಕು. ಆದ್ದರಿಂದ ಅರ್ಧ ಜನರನ್ನು ಬಿಟ್ಟುಬಿಡಿ. ಉಳಿದ 500 ಜನಕ್ಕೆ ದಿನಕ್ಕೊಂದು ಮುದ್ದೆ, ಮುದ್ದೆಗೆ 100 ಗ್ರಾಂ ಹಿಟ್ಟು. ದಿನಕ್ಕೆ ಅರ್ಧ ಕ್ವಿಂಟಲ್, 300 ದಿನಕ್ಕೆ 150 ಕ್ವಿಂಟಲ್. 2025-26ರ ಬೆಂಬಲ ಬೆಲೆಯಲ್ಲೇ ಕೊಂಡರೂ 7,32,900 ರೂಪಾಯಿ. ಎಕರೆಗೆ 10 ಕ್ವಿಂಟಲೆಂದು ಹಿಡಿದರೆ 15 ಎಕರೆಯ ರಾಗಿಗೆ ಒಂದೇ ಕಾರ್ಖಾನೆಯ ಒಂದೇ ಹೊತ್ತಿನ ಊಟದಲ್ಲಿ ಗಿರಾಕಿ ಸಿಕ್ಕಿದ ಹಾಗಾಯಿತು. ಸೊಪ್ಪು, ಕಾಳು, ಮೊಸರು, ಮೊಟ್ಟೆಗಳನ್ನು ನಾವಿನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆ ರಾಗಿಯನ್ನು ಬೀಸುವುದಕ್ಕೆ ಊರಿನ ಗಿರಣಿ, ತಟ್ಟಿ ಬೇಯಿಸುವುದಕ್ಕೆ ಸ್ತ್ರೀಶಕ್ತಿ ಸಂಘ, ತಿಂಡಿಯ ಹೊತ್ತಿಗೆ ಗೇಟಿನ ಒಳಗೆ ಆ ಇಡ್ಲಿ ಮಾರುವ ತಾಯಿ. ಆಗ ಪಿಎಂಎಫ್‌ಎಂಇಯ ಸಾಲ ಯಾರಿಗಾದರೂ ತೀರಿಸಲು ಸಾಧ್ಯವಾದೀತು.

ಇದೇನು ಕನಸು ಎನ್ನುವವರು ನಮ್ಮದೇ ಊರಿನ ಹಾಪ್‌ಕಾಮ್ಸ್ ಅನ್ನು ನೆನೆಯಲಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ, ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ ಹುಟ್ಟಿದ ಸಂಸ್ಥೆ ಅದು. ರೈತನಿಂದ ಕೊಂಡು, ಬೀದಿಯ ಮಳಿಗೆಗಳಲ್ಲಿ ಮಾರುವುದಲ್ಲದೆ ಕಾರ್ಖಾನೆ, ಆಸ್ಪತ್ರೆ, ಹಾಸ್ಟೆಲುಗಳಿಗೂ ಸರಬರಾಜು ಮಾಡಿದ ಅನುಭವ ಅದಕ್ಕಿದೆ. ಹೊರದೇಶದ ಉದಾಹರಣೆಯೇ ಬೇಕೆನ್ನುವವರಿಗೆ ಬ್ರೆಜಿಲ್ ಇದೆ. ಅಲ್ಲಿ 2009ರ ಒಂದು ಕಾನೂನು, ಶಾಲೆಯ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಶೇಕಡ 30ಕ್ಕೆ ಕಡಿಮೆಯಿಲ್ಲದಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲೇಬೇಕೆಂದು ವಿಧಿಸಿತು. ಬೇಡಿಕೊಳ್ಳಲಿಲ್ಲ, ವಿಧಿಸಿತು. ಆ ದೇಶದ ಬೆಲೊ ಹೊರಿಜೊಂಟೆ ನಗರ 1990ರ ದಶಕದಿಂದಲೇ ಅಗ್ಗದ ಜನತಾ ಹೋಟೆಲುಗಳನ್ನು ನಡೆಸುತ್ತ ಬಂದಿದೆ.

ನಮ್ಮ ಸರ್ಕಾರಕ್ಕೂ ಕೊಳ್ಳುವುದು ಗೊತ್ತಿಲ್ಲವೆಂದಲ್ಲ. ಅಕ್ಕಿ ಕೊಳ್ಳುತ್ತದೆ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದಾಗ ನಾವು ಹಿಗ್ಗಿದೆವು, ಇವತ್ತಿಗೂ ಅದರ ಪರವಾಗಿಯೇ ಇದ್ದೇವೆ. 2023ರ ಜೂನಿನಲ್ಲಿ ಕೇಂದ್ರದವರು ರಾಜ್ಯಗಳಿಗೆ ಆಹಾರ ನಿಗಮದ ಅಕ್ಕಿ ಮಾರುವುದನ್ನು ನಿಲ್ಲಿಸಿದಾಗ ರಾಜ್ಯವು ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಡಬೇಕಾಯಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅಕ್ಕಿಗೆ ಬಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸಂಪುಟವು ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳಿರುವ ಕಿಟ್ ಕೊಡಬೇಕೆಂದು ತೀರ್ಮಾನಿಸಿತು. ಬರಿಯ ಅಕ್ಕಿಗಿಂತ ಬೇಳೆ ಕೊಡುವುದು ಒಳ್ಳೆಯದೇ. ಆದರೆ ಆ ಬೇಳೆ ಕಲಬುರಗಿಯ ತೊಗರಿ ಬೆಳೆಗಾರನ ಸಂಘದಿಂದ ಬರಬೇಕೋ ದೊಡ್ಡ ಸರಬರಾಜುದಾರನ ಗೋದಾಮಿನಿಂದ ಬರಬೇಕೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಎಷ್ಟು ಕಿಲೋ ಕೊಡುತ್ತೀರಿ ಎಂದು ಕೂಗುವುದರಲ್ಲಿ, ಯಾರಿಂದ ಕೊಳ್ಳುತ್ತೀರಿ ಎಂದು ಕೇಳುವುದನ್ನು ನಮ್ಮ ಪಕ್ಷದ ವೇದಿಕೆಗಳೂ ಮರೆತವು.

1951ರ ಕಾಗೋಡಿನ ಗೇಣಿದಾರರು ಇದನ್ನು ಮರೆತಿರಲಿಲ್ಲ. ಅಲ್ಲಿನ ಜಗಳ ಗೇಣಿ ಎಷ್ಟೆಂಬುದಕ್ಕಿಂತ ಮೊದಲು ಅಳೆಯುವ ಕೊಳಗ ಯಾವುದೆಂಬುದರ ಮೇಲೆ ಎದ್ದಿತು. ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಲೋಹಿಯಾರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಈಗ ಕೊಳಗದ ಜಾಗದಲ್ಲಿ ಟೆಂಡರು ಬಂದಿದೆ. ವರ್ಷಕ್ಕೆ ಇಷ್ಟು ಕೋಟಿ ವಹಿವಾಟು ಇರಬೇಕು, ಇಷ್ಟು ಠೇವಣಿ ಇಡಬೇಕು ಎಂಬ ಷರತ್ತು ಬರೆದ ದಿನವೇ ಸ್ತ್ರೀಶಕ್ತಿ ಸಂಘವೂ ರೈತರ ಸಂಘವೂ ಹೊರಬಿದ್ದಾಯಿತು.

ಸಣ್ಣ ಹೋಟೆಲಿನ ಬಂಧುಗಳು ನಮಗೆ ಒಂದು ಆಕ್ಷೇಪ ಹೇಳುತ್ತಾರೆ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನು ಬಂದು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಡತೊಡಗಿದ ಮೇಲೆ ತಮ್ಮ ವ್ಯಾಪಾರಕ್ಕೆ ಕಲ್ಲು ಬಿತ್ತು, ಸರ್ಕಾರವೇ ಅಡಿಗೆ ಮಾಡಿದರೆ ನಾವೇನು ಮಾಡಬೇಕು ಎಂದು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ 2020ರ ಲಾಕ್‌ಡೌನಿನಲ್ಲಿ ಹೋಟೆಲುಗಳೆಲ್ಲ ಮುಚ್ಚಿದ್ದಾಗ ಹೊರರಾಜ್ಯದ ಕೂಲಿಕಾರರ ಗತಿ ಏನಾಯಿತೆಂದು ನೋಡಿದ್ದೇವೆ. ಆ ಮೇ ತಿಂಗಳಲ್ಲಿ ಬಿಲ್ಡರುಗಳ ಜೊತೆ ಮಾತಾಡಿದ ಮೇಲೆ ಅವರ ರೈಲನ್ನೇ ರದ್ದು ಮಾಡಲು ಹೊರಟ ಸರ್ಕಾರವನ್ನೂ ನೋಡಿದ್ದೇವೆ. ಒಂದು ದೇಶ ಒಂದು ಪಡಿತರ ಚೀಟಿಯೆಂದು ಕರ್ನಾಟಕ 2020ರ ಜನವರಿಯಿಂದಲೇ ಒಪ್ಪಿಕೊಂಡಿದೆ; ಬಿಹಾರದ ಚೀಟಿಗೆ ಹೆಬ್ಬಗೋಡಿಯ ಸೊಸೈಟಿಯಲ್ಲಿ ಅಕ್ಕಿ ಕೊಡಬೇಕು. ಆದರೆ ಒಂದು ಕೋಣೆಯಲ್ಲಿ ಆರು ಜನ ಪಾಳಿಯ ಮೇಲೆ ಮಲಗುವವರು ಆ ಅಕ್ಕಿಯನ್ನು ಯಾವ ಒಲೆಯ ಮೇಲೆ ಬೇಯಿಸಬೇಕು? ಅವರಿಗೆ ಬೇಯಿಸಿದ ಅನ್ನವೇ ಬೇಕು. ಆದ್ದರಿಂದ ಅಗ್ಗದ ಊಟವನ್ನು ನಿಲ್ಲಿಸಿರೆಂದು ನಾವು ಕೇಳಲಾರೆವು. ಆ ಊಟವನ್ನು ದೂರದ ಗುತ್ತಿಗೆದಾರನಿಂದ ಮಾಡಿಸುವ ಬದಲು ಬೀದಿಯ ಹೋಟೆಲಿನವರಿಗೂ ಸಂಘಗಳಿಗೂ ಹಂಚಿ, ತಟ್ಟೆಗಿಷ್ಟೆಂದು ಸರ್ಕಾರ ಕಟ್ಟಿಕೊಡಲಿ ಎನ್ನುತ್ತೇವೆ. ಆಗ ಹೋಟೆಲಿನವನಿಗೆ ಸರ್ಕಾರ ಎದುರಾಳಿಯಾಗದೆ ಗಿರಾಕಿಯಾಗುತ್ತದೆ.

ಕೇರಳ ಈ ದಾರಿಯಲ್ಲಿ ಹೋಗಿ ಅರ್ಧದಲ್ಲಿ ನಿಂತಿತೆಂಬುದನ್ನು ಮುಚ್ಚಿಡುವುದಿಲ್ಲ. 2020ರಲ್ಲಿ ಕುಟುಂಬಶ್ರೀ ಹೆಣ್ಣುಮಕ್ಕಳ ಜನಕೀಯ ಹೋಟೆಲುಗಳು 20 ರೂಪಾಯಿಗೆ ಊಟ ಹಾಕಿದವು. ಊಟಕ್ಕೆ 10 ರೂಪಾಯಿ ಸರ್ಕಾರದ್ದು. 2023ರ ಆಗಸ್ಟಿನಲ್ಲಿ ಆ 10 ರೂಪಾಯಿ ನಿಂತಿತು, ಊಟ 30 ರೂಪಾಯಿ ಆಯಿತು. ಬಾಕಿ ಹಣಕ್ಕಾಗಿ ಆ ಹೆಣ್ಣುಮಕ್ಕಳು ಬೀದಿಗೆ ಬರಬೇಕಾಯಿತು. ನಮ್ಮಲ್ಲಿ 2024-25ರ ಆಯವ್ಯಯದಲ್ಲಿ 50 ಕಡೆ ಕೆಫೆ ಸಂಜೀವಿನಿ ಎಂದು ಘೋಷಿಸಿದರು. ಇಷ್ಟು ದಿನದೊಳಗೆ ಬಿಲ್ಲು ಕೊಡಲೇಬೇಕು, ತಪ್ಪಿದರೆ ಬಡ್ಡಿ ಸೇರಿಸಿ ಕೊಡಬೇಕು ಎಂಬ ಕರಾರಿಲ್ಲದೆ ಯಾವ ಸಂಘವೂ ಇಂಥ ಕೆಲಸಕ್ಕೆ ಕೈ ಹಾಕಬಾರದು.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ: ಸರ್ಕಾರಿ ಭೂಮಿ, ವಿದ್ಯುತ್ತು, ತೆರಿಗೆ ರಿಯಾಯಿತಿ ಪಡೆದ ಪ್ರತಿಯೊಂದು ಕಾರ್ಖಾನೆಯೂ ತನ್ನ ಕ್ಯಾಂಟೀನಿನ ಖರೀದಿಯಲ್ಲಿ ಮೂರನೆಯ ಒಂದು ಪಾಲನ್ನು ತಾಲ್ಲೂಕಿನ, ಜಿಲ್ಲೆಯ ರೈತ ಸಂಘಗಳಿಂದ, ಮಹಿಳಾ ಸಂಘಗಳಿಂದ, ಸಣ್ಣ ಅಂಗಡಿಗಳಿಂದ ಮಾಡಬೇಕೆಂದು ರಾಜ್ಯ ಸರ್ಕಾರ ನಿಯಮ ಮಾಡಲಿ. ರಾಗಿ ಖರೀದಿ ಕಣದ ದಿನದಿಂದಲೇ ಆರಂಭವಾಗಲಿ. ಪಹಣಿ ಇಲ್ಲದೆ ಉಳುವವನಿಗೆ ಪಂಚಾಯಿತಿಯ ದೃಢೀಕರಣ ಸಾಕೆನ್ನಲಿ.

ಧಣಿಗಳು ಒಪ್ಪುತ್ತಾರೆಯೇ? ತಾವಾಗಿ ಒಪ್ಪುವುದಿಲ್ಲ. 2016ರ ಏಪ್ರಿಲ್ 18, 19ರಂದು ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಇದೇ ಹೊಸೂರು ರಸ್ತೆಗೆ ಇಳಿದಾಗ ಭವಿಷ್ಯನಿಧಿಯ ಹೊಸ ನಿಯಮವನ್ನು ದೆಹಲಿಯವರು ಎರಡೇ ದಿನದಲ್ಲಿ ಹಿಂದಕ್ಕೆ ತೆಗೆದುಕೊಂಡರು. ಹೆಬ್ಬಗೋಡಿಯ ಪೊಲೀಸ್ ಠಾಣೆಯ ಎದುರು ಅಂದು ನಡೆದದ್ದೆಲ್ಲವನ್ನೂ ನಾವು ಹೊಗಳುವುದಿಲ್ಲ. ಆದರೆ ಆ ಎರಡು ದಿನಗಳನ್ನು ದೆಹಲಿಯವರೂ ಮರೆತಿರಲಾರರು.

ಈಗ ನಮ್ಮ ಓದುಗರಿಂದ ನಮಗೊಂದು ಸಹಾಯವಾಗಬೇಕು. ನಿಮ್ಮ ಕಾರ್ಖಾನೆಯಲ್ಲಿ ಕ್ಯಾಂಟೀನು ಇದೆಯೆ, ದಿನಕ್ಕೆ ಎಷ್ಟು ತಟ್ಟೆ, ಅಡಿಗೆ ಎಲ್ಲಿಂದ ಬರುತ್ತದೆ, ಸಮಿತಿಯಲ್ಲಿ ಕೆಲಸಗಾರರು ಯಾರಾದರೂ ಇದ್ದಾರೆಯೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ನಮ್ಮ ಕಚೇರಿಗೆ ತಲುಪಿಸಿರಿ. ಗಾಡಿಯವರು ತಮ್ಮ ಸಮೀಕ್ಷೆಯ ರಸೀತಿ ಇದ್ದರೆ ಅದರ ನಕಲನ್ನೂ, ಇಲ್ಲದಿದ್ದರೆ ಇಲ್ಲವೆಂಬುದನ್ನೂ ತಿಳಿಸಿರಿ. ನಿಮ್ಮ ಹೆಸರು ಬರೆಯಬೇಕಾದ ಅಗತ್ಯವಿಲ್ಲ. ಕಾರ್ಖಾನೆ ಯಾವುದು, ತಟ್ಟೆ ಎಷ್ಟು ಎಂಬುದು ತಿಳಿದರೆ ಸಾಕು. ಅವನ್ನೆಲ್ಲ ಒಟ್ಟು ಮಾಡಿ ಆನೇಕಲ್ಲಿನ ತಹಶೀಲ್ದಾರರ ಮುಂದೂ ಕಾರ್ಮಿಕ ಇಲಾಖೆಯ ಮುಂದೂ ಇಡುತ್ತೇವೆ, ಮತ್ತು ಅವರು ಏನು ಉತ್ತರ ಕೊಟ್ಟರೆಂಬುದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.